ಅಂಚು ಕತ್ತರಿಸಿದ ವ್ಯಾಗ್ನರ್

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕುಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಪುಕ್ಕಟೆ ಹಂಚಿತು. ಹೋನಸ್ ವ್ಯಾಗ್ನರನ ಚಿತ್ರದ ಮುದ್ರಣ ಬೇಗನೆ ನಿಂತಿತು. ಅಂಥದೊಂದು ಕಾರ್ಡು 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು.

2013ರಲ್ಲಿ ಹರಾಜುದಾರ ಬಿಲ್ ಮಾಸ್ಟ್ರೋ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ: ಆ ಕಾರ್ಡಿನ ಅಂಚುಗಳನ್ನು ಅವನೇ ಕತ್ತರಿಸಿದ್ದ.

ಹಾಗಾದರೆ ಅದು ಅಸಲಿಯೋ ನಕಲಿಯೋ? ಕಾಗದ ಹಳೆಯದೇ, ಶಾಯಿಯೂ ಹಳೆಯದೇ. ದೊಡ್ಡ ಹಾಳೆಯಿಂದ ಕತ್ತರಿಸದೆ ಯಾವ ಕಾರ್ಡೂ ಹುಟ್ಟಿಲ್ಲ. ಕಾರ್ಖಾನೆಯ ಕತ್ತರಿ ಜನ್ಮ ಕೊಟ್ಟರೆ ಮಾಸ್ಟ್ರೋನ ಕತ್ತರಿ ಮೋಸವಾಗುವುದೇಕೆ? ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ವಾದಿಸಿದಂತೆ, ಅಚ್ಚಿನ ಚಿತ್ರಕ್ಕೆ ಹಲವು ಪ್ರತಿಗಳಿದ್ದರೂ ಪ್ರತಿಯೊಂದರ ಅಸಲಿತನ ಅದು ತಯಾರಾದ ಇತಿಹಾಸದಲ್ಲಿದೆ. ಕಣ್ಣಿಗೆ ಕಾಣುವುದಷ್ಟೇ ಸಾಲದು. ಈ ವಾದ ಒಪ್ಪತಕ್ಕದ್ದೇ, ಆದರೆ ಮಾರುಕಟ್ಟೆಗೆ ಬೇಕಾದದ್ದು ಇತಿಹಾಸವಲ್ಲ, ಚೂಪಾದ ಮೂಲೆ!

ಇತಿಹಾಸ ಹುಡುಕುವವರು ಕಾರ್ಡನ್ನು ತಿರುಗಿಸಿ ನೋಡುತ್ತಾರೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಎಂಬ ಸಿಗರೇಟಿನ ಹೆಸರು, ಜೊತೆಗೆ ವರ್ಜೀನಿಯಾದ 25ನೇ ಕಾರ್ಖಾನೆ, ನ್ಯೂಯಾರ್ಕಿನ 30ನೇ ಕಾರ್ಖಾನೆ ಎಂಬಂಥ ಗುರುತು ಅಲ್ಲಿರುತ್ತದೆ. ತಂಬಾಕು ತೆರಿಗೆಯ ವ್ಯವಸ್ಥೆಯಿಂದ ಬಂದ ಈ ಸಂಖ್ಯೆ ಹಂಚಿಕೆಯ ಜಾಡು ತೋರಿಸುತ್ತದೆ.

ಈ ಕಾರ್ಡುಗಳ ಸರಣಿಗೆ ಟಿ206 ಎಂದು ಸಂಖ್ಯೆ ಕೊಟ್ಟ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಸಂಧಿವಾತದಿಂದ ನರಳುತ್ತಲೇ 3 ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. ಅಲ್ಲೊಂದು ವ್ಯಾಗ್ನರ್ ಕೂಡ ಇದೆ. ಕಾರ್ಡುಗಳನ್ನು ಅವನು ಆಲ್ಬಮ್ಮುಗಳಿಗೆ ಅಂಟಿಸಿಬಿಟ್ಟಿದ್ದ. ವ್ಯಾಪಾರಿಗಳ ಲೆಕ್ಕದಲ್ಲಿ ಅದು ಹಾಳುಗೆಡವಿದಂತೆಯೇ. ಅಸಲಿತನದ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ.