ಎರಿ ಹೊಲದವರು, ಕಡಲ ಗುಡ್ಡ

ನವಲಗುಂದದ ಎರಿಯಲ್ಲಿ, ಆ ಕಪ್ಪು ಮಣ್ಣಿನ ಬಯಲಿನಲ್ಲಿ, ಬೆಳೆದವನಿಗೆ ಏರು ಎಂದರೆ ಹೊಲದ ಒಡ್ಡು, ಕೆರೆಯ ದಂಡೆ. ಬಹಳವಾದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಗೋಕರ್ಣದ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳತ್ತ ಗುಡ್ಡದ ಅಂಚು ಹಿಡಿದು ಹೋಗುವ ಕಾಲುದಾರಿಯಲ್ಲಿ ಅವನ ಕಾಲಿಗಿಂತ ಮೊದಲು ಕಣ್ಣು ದಣಿಯುತ್ತದೆ. ಬಯಲಿನ ಕಣ್ಣಿಗೆ ದೂರ ನೋಡಿ ಗೊತ್ತು, ಆಳ ನೋಡಿ ಗೊತ್ತಿಲ್ಲ.

*

ನಮ್ಮ ಮಂದಿ ನಡೆಯದವರೇನಲ್ಲ. ಭಾರತ ಹುಣ್ಣಿಮೆಗೆ ಉಧೋ ಎನ್ನುತ್ತ ಎಲ್ಲಮ್ಮನ ಗುಡ್ಡ ಸೇರುತ್ತಾರೆ, ನೀರು ಕೇಳಲು ರಸ್ತೆಗಿಳಿಯುತ್ತಾರೆ. ಹರಕೆಯೂ ಇಲ್ಲದೆ, ಬೇಡಿಕೆಯೂ ಇಲ್ಲದೆ ನಡೆಯುವುದು ಮಾತ್ರ ಹೊಸದು. ‘ಎದಕ್ಕ ಹೊಂಟೀರಿ?’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳಿದರೆ ತಡವರಿಸಬೇಕಾಗುತ್ತದೆ. ತಡವರಿಸಿದರೂ ಹೋಗಿ ಬರುವುದೇ ಲೇಸು.

*

ಎರಿ ಮಣ್ಣು ಮಳೆಯಲ್ಲಿ ಕಾಲು ಹಿಡಿಯುತ್ತದೆ. ಚಿರೆಕಲ್ಲಿನ ಗುಡ್ಡ ಬಿಸಿಲಿನಲ್ಲಿ ಕಾಲು ಜಾರಿಸುತ್ತದೆ. ಒಣ ಇಳಿಜಾರಿನ ಕೆಂಪು ಹರಳುಗಳು ಕಣದಲ್ಲಿ ಚೆಲ್ಲಿದ ಜೋಳದಂತೆ ಬೂಟಿನಡಿ ಉರುಳುತ್ತವೆ. ಹಿಮ್ಮಡಿ ಊರಿದವರು ಕುಳಿತುಕೊಂಡೇ ಕೆಳಗಿಳಿಯುತ್ತಾರೆ. ಇಡೀ ಅಂಗಾಲು ಊರಿ, ಮೊಣಕಾಲು ಸಡಿಲ ಬಿಟ್ಟು, ಸಣ್ಣ ಹೆಜ್ಜೆ ಇಟ್ಟವರಿಗೆ ಸಮುದ್ರ ನೋಡಲು ಪುರುಸೊತ್ತು ಸಿಗುತ್ತದೆ.

*

ಕಲಘಟಗಿಯ ಮಳೆ ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಗೋಕರ್ಣದ ಉತ್ತರಕ್ಕೆ ಅರಬ್ಬಿ ಸಮುದ್ರ ಮುಟ್ಟುತ್ತದೆ. ಕುಂದಗೋಳದ ಮಳೆ ಬೆಣ್ಣಿಹಳ್ಳದಲ್ಲಿ ನವಲಗುಂದದ ಸೀಮೆ ದಾಟಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಜಿಲ್ಲೆಯ ಮಳೆಗೆ ಎರಡು ಸಮುದ್ರ. ನಡುವೆ ಇರುವುದು ಬಸ್ಸಿನಲ್ಲಿ ಕುಳಿತವರ ಗಮನಕ್ಕೂ ಬಾರದ ಒಂದು ಉಬ್ಬು. ಯಾರೂ ಫೋಟೋ ತೆಗೆಯದ ದಿಬ್ಬ ಎಷ್ಟು ಕೆಲಸ ಮಾಡಿರುತ್ತದೆ!

*

‘ಸುಮ್ಮನ ಸಮುದ್ರಕ್ಕ ಹರದು ಹೋಗೋ ನೀರು.’ ಮಹದಾಯಿ ನದಿನೀರಿನ ಹೋರಾಟದ ನಾಡಿನಲ್ಲಿ ಈ ಮಾತು ಕೇಳದ ಕಿವಿಯಿಲ್ಲ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, ಹಂಚಿದ್ದು ಕಾಗದದಲ್ಲಿದೆ. ಅಘನಾಶಿನಿಯ ಅಳಿವೆಯ ಮೇಲಿನ ಗುಡ್ಡದಲ್ಲಿ ನಿಂತರೆ ಆ ಮಾತಿನ ಇನ್ನೊಂದು ಮಗ್ಗುಲು ಕಾಣುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು ಉಪ್ಪುನೀರು ಕೂಡಿದಲ್ಲಿ ಜನ ಸೊಂಟಮಟ್ಟ ಇಳಿದು ಬಳಚು ಎಂಬ ಚಿಪ್ಪುಜೀವಿ ಆಯುತ್ತಾರೆ, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಸಮುದ್ರ ಸೇರುವ ನೀರು ಸುಮ್ಮನೆ ಹೋಗಿರುವುದಿಲ್ಲ. ಹಾಗೆಂದು ನವಲಗುಂದದ ಹಳ್ಳಿಗಳಲ್ಲಿ ಕೊಡ ಹಿಡಿದು ಕಾಯ್ದವರ ಸಿಟ್ಟು ಸುಳ್ಳಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೊತ್ತು ನಡೆಯುವುದು ಯಾವ ಏರಿಗಿಂತಲೂ ಕಷ್ಟ.

*

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗೇರಿ ಮುಂಬಯಿಗೆ. ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಮಾರಾಟವಾಯಿತು. ಬೆಳೆದವರ ಹೆಸರು ಬರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ತಪ್ಪಿದಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1880ರ ದಶಕದ ಕೊನೆಗೆ ರೈಲು ಹತ್ತಿಯನ್ನು ಮರ್ಮಗೋವಾದ ಕಡೆ ತಿರುಗಿಸಿತು, ಕುಮಟೆಯ ಭರಾಟೆ ಇಳಿಯಿತು. ಎತ್ತು ಹೊಡೆದುಕೊಂಡು ಬಂದವನಿಗೆ ಈ ಕಡಲು ಚಂದ ಕಂಡಿತ್ತೇ? ಕಂಡಿರಲಾರದು ಎಂದು ನನ್ನ ಊಹೆ. ಅವನ ಲಕ್ಷ್ಯವೆಲ್ಲ ಹಗ್ಗ, ಹಿಂಡಿ, ಬಾಡಿಗೆಯ ಮೇಲೆ. ಚೆಲುವು ನೋಡಲು ಹೊರೆ ಇಳಿದಿರಬೇಕು.

*

ಬೆಣ್ಣಿಹಳ್ಳ ಒಂದು ರಾತ್ರಿಯ ಮಳೆಗೆ ಸೇತುವೆ ಮೀರುತ್ತದೆ. ಆ ಸೆಳವು ಕಂಡವರೂ ಓಂ ತೀರಕ್ಕೆ ಬಂದರೆ ಪ್ಯಾಂಟು ಮಡಚಿ ಬಂಡೆಯ ತುದಿಗೇ ಹೋಗುತ್ತಾರೆ. ಹಳ್ಳಕ್ಕೆ ಕಪಟವಿಲ್ಲ, ಬರುವಾಗಲೇ ಅಬ್ಬರಿಸುತ್ತದೆ. ಅಲೆ ಬಹಳ ಹೊತ್ತು ಸಭ್ಯವಾಗಿರುತ್ತದೆ.

*

ಕಡಲನ್ನು ಬಲಗಡೆ ಇಟ್ಟುಕೊಂಡು ನಡೆದರೆ ಕುಮಟೆ, ಎಡಗಡೆ ಇಟ್ಟುಕೊಂಡರೆ ಗೋಕರ್ಣ. ಅಣ್ಣಿಗೇರಿಯ ಹೊಲಗಳ ನಡುವೆ ಇಷ್ಟು ಸಲೀಸಾದ ಗುರುತು ಸಿಗದು. ಅಲ್ಲಿ ದಾರಿ ಕೇಳಲು ಮನುಷ್ಯರೇ ಬೇಕು.

*

ಬುತ್ತಿಯ ಕಟಕ ರೊಟ್ಟಿ ಕಡಲ ಗಾಳಿಗೆ ಮಧ್ಯಾಹ್ನದೊಳಗೆ ಮೆತ್ತಗಾಗುತ್ತದೆ. ಶೇಂಗಾ ಹಿಂಡಿಗೆ ಏನೂ ಆಗುವುದಿಲ್ಲ.

*

ಚಾರಣದವರು ಮಳೆ ನಿಂತ ಮೇಲಿನ ಚಳಿಗಾಲ ಒಳ್ಳೆಯದು ಎನ್ನುತ್ತಾರೆ. ಎರಿಯವರ ಲೆಕ್ಕವೂ ಅದೇ: ಹೆಸರು ಒಕ್ಕಿ, ಹಿಂಗಾರಿ ಕಡಲೆ ಬಿತ್ತಿ ಮುಗಿದ ಮೇಲೆ ನಾಲ್ಕು ದಿನ ಬಿಡುವು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮೇಲೆ ಅಂಕೋಲೆಗೆ ಬಸ್ಸಿದೆ, ರೈಲಿಗೆ ಕಾಯಬೇಡಿ. ಗೋಕರ್ಣದ ಗುಡ್ಡ ಇಳಿದು ತದಡಿಯಲ್ಲಿ ದೋಣಿ ದಾಟಿದರೆ ಆಚೆ ಅಘನಾಶಿನಿ ಊರು, ಮುಂದೆ ಮತ್ತೆ ಗುಡ್ಡ. ದೋಣಿಯವರಿಗೆ ಕೊಡಲು ಚಿಲ್ಲರೆ ಇಟ್ಟುಕೊಂಡಿರಿ.