ಚೌಕಾಸಿಯ ತಕ್ಕಡಿ



ಹಾಸನದ ಪಕ್ಕದ ಬೂವನಹಳ್ಳಿಯಂತಹ ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳ ಕಾಲೇಜು ಶುಲ್ಕಕ್ಕೆ ಹಣ ಸಾಲದೆ ತಾಯಿ ತನ್ನ ಹೊಲಿಗೆ ಯಂತ್ರವನ್ನು ಮಾರಲು ನಿರ್ಧರಿಸುತ್ತಾಳೆ. ಮಗ ಅದರ ಚಿತ್ರ ತೆಗೆದು, 4,000 ರೂಪಾಯಿ ಎಂದು ಬರೆದು, ಮೊಬೈಲಿನ ಮಾರಾಟ ತಾಣದಲ್ಲಿ ಹಾಕುತ್ತಾನೆ. ಅರ್ಧ ಗಂಟೆಯೊಳಗೆ ಒಬ್ಬ ಕೇಳುತ್ತಾನೆ: ಸಾವಿರಕ್ಕೆ ಕೊಡುತ್ತೀರಾ? ಇನ್ನೊಬ್ಬ, ಇದು ಗುಜರಿಗೇ ಲಾಯಕ್ಕು ಎನ್ನುತ್ತಾನೆ. ಅವರಲ್ಲಿ ಯಾರೂ ಯಂತ್ರವನ್ನು ಕಣ್ಣಾರೆ ಕಂಡವರಲ್ಲ. ಹುಡುಗನಿಗೆ ಸಿಟ್ಟು ಬರುತ್ತದೆ, ಬೆರಳು ಬೈಗುಳವನ್ನು ಬರೆಯಲು ಹೊರಡುತ್ತದೆ.

ಈ ಅನುಭವ ಇಂದು ನಮ್ಮ ಮನೆಮನೆಗಳಲ್ಲಿದೆ. ಇಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ಇದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ, ಈಮಾನಿನ ಪ್ರಶ್ನೆಯೂ ಹೌದು.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಚೌಕಾಸಿ ಮಾಡುವುದು ಪಾಪವಲ್ಲ. ಸ್ವತಃ ಪ್ರವಾದಿವರ್ಯರು(ಸ) ಜಾಬಿರ್(ರ)ರ ಒಂಟೆಗೆ ಬೆಲೆ ಕೇಳಿದ್ದರು. ಪ್ರಯಾಣದಲ್ಲಿ ದಣಿದು ಹಿಂದುಳಿದಿದ್ದ ಒಂಟೆ ಅದು. ಜಾಬಿರ್(ರ) ಮೊದಲು ಒಪ್ಪಲಿಲ್ಲ. ಪ್ರವಾದಿವರ್ಯರು(ಸ) ಅದಕ್ಕಾಗಿ ಕೋಪಿಸಿಕೊಳ್ಳಲಿಲ್ಲ. ಮತ್ತೆ ಕೇಳಿದಾಗ, ಮದೀನಾ ತಲುಪುವವರೆಗೆ ತಾನೇ ಸವಾರಿ ಮಾಡುವ ಷರತ್ತಿನ ಮೇಲೆ ಅವರು ಮಾರಿದರು. ಮದೀನಾದಲ್ಲಿ ಪ್ರವಾದಿವರ್ಯರು(ಸ) ಒಪ್ಪಿದ ಬೆಲೆಗಿಂತ ಹೆಚ್ಚನ್ನೇ ಕೊಟ್ಟು, ಒಂಟೆಯನ್ನೂ ಹಿಂದಿರುಗಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆ ವರದಿಯಾಗಿದೆ. ಬೆಲೆ ಕೇಳುವವನಿಗೆ ಕೇಳುವ ಹಕ್ಕಿದೆ, ಮಾರುವವನಿಗೆ ಇಲ್ಲವೆನ್ನುವ ಹಕ್ಕಿದೆ, ಎರಡೂ ಸ್ನೇಹವನ್ನು ಕೆಡಿಸಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ವ್ಯಾಪಾರವು ಪರಸ್ಪರ ಸಮ್ಮತಿಯಿಂದ ನಡೆಯಬೇಕೆಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಆಜ್ಞಾಪಿಸಿರುವುದೂ ಇದನ್ನೇ.

ಹಾಗಾದರೆ ತಪ್ಪು ಎಲ್ಲಿ ಆರಂಭವಾಗುತ್ತದೆ? ಮದ್‌ಯನ್ ಜನಾಂಗಕ್ಕೆ ಪ್ರವಾದಿ ಶುಐಬ್(ಅ) ನೀಡಿದ ಉಪದೇಶವನ್ನು ನೆನಪಿಸಿಕೊಳ್ಳಿ. ಅಳತೆ ಮತ್ತು ತೂಕವನ್ನು ಪೂರ್ತಿಗೊಳಿಸಿ ಎಂದಷ್ಟೇ ಅವರು ಹೇಳಲಿಲ್ಲ, ಜನರ ವಸ್ತುಗಳ ಮೌಲ್ಯವನ್ನು ತಗ್ಗಿಸಬೇಡಿ ಎಂದೂ ಎಚ್ಚರಿಸಿದರು. ಸೂರಃ ಅಲ್ ಅಅ್‌ರಾಫ್, ಹೂದ್ ಮತ್ತು ಅಶ್ಶುಅರಾ, ಈ ಮೂರು ಕಡೆ ಆ ಎಚ್ಚರಿಕೆ ಬಂದಿದೆ. ಕ್ರಿ.ಶ. 1273ರಲ್ಲಿ ನಿಧನರಾದ ಇಮಾಮ್ ಕುರ್ತುಬಿಯವರು ತಮ್ಮ ವ್ಯಾಖ್ಯಾನದಲ್ಲಿ ಇದನ್ನು ವಿವರಿಸುತ್ತಾ, ಸರಕಿಗೆ ಸುಳ್ಳು ಕುಂದು ಹಚ್ಚಿ ಅದು ಯಾರಿಗೂ ಬೇಡವೆನಿಸುವಂತೆ ಮಾಡುವುದು, ಬೆಲೆಯ ವಿಷಯದಲ್ಲಿ ವಂಚಿಸುವುದು, ಇವೂ ಅದರಲ್ಲಿ ಸೇರುತ್ತವೆ ಎಂದಿದ್ದಾರೆ. ಅಂದರೆ ಕಡಿಮೆ ಬೆಲೆ ಕೇಳುವುದು ಬೇರೆ, ಒಳ್ಳೆಯ ವಸ್ತುವನ್ನು ಕಸವೆಂದು ಜರೆದು ಮಾಲೀಕನ ಮನಸ್ಸು ಮುರಿಯುವುದು ಬೇರೆ. ಮೊದಲನೆಯದು ವ್ಯಾಪಾರ, ಎರಡನೆಯದು ಅನ್ಯಾಯ.

ಈಗ ಮಾರುವವರ ಕರ್ತವ್ಯವನ್ನು ನೋಡೋಣ. ಬೆಲೆ ಹೇಳುವ ಮುನ್ನ ಅಂತಹ ವಸ್ತು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತಿದೆಯೆಂದು ವಿಚಾರಿಸಿ. ಹತ್ತು ವರ್ಷ ಬಳಸಿದ ವಸ್ತುವಿನ ಮೇಲಿರುವ ನಮ್ಮ ಮಮತೆಗೆ ಬೇರೆಯವರು ಹಣ ಕೊಡಲಾರರು. ಅದರ ಕುಂದನ್ನು ನೀವೇ ಮೊದಲು ತಿಳಿಸಿ. ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಕಂಡಾಗ, ಅದನ್ನು ಮೇಲೆ ಕಾಣುವಂತೆ ಇಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದನ್ನು ಮರೆಯಬೇಡಿ. ತೀರಾ ಕಡಿಮೆ ಬೆಲೆ ಕೇಳಿದವನಿಗೆ, ಆ ಬೆಲೆಗೆ ಕೊಡಲಾಗದು, ಇಷ್ಟಾದರೆ ಕೊಡುತ್ತೇನೆ ಎಂಬ ಒಂದು ಸಾಲು ಸಾಕು. ಅವನು ಮತ್ತೆ ಮತ್ತೆ ಕಾಡಿದರೆ ಮೌನವೂ ಒಂದು ಉತ್ತರವೇ. ಆದರೆ ಯಾರೋ ಆಗಲೇ 3,500ಕ್ಕೆ ಕೇಳಿದ್ದಾರೆಂದು ಸುಳ್ಳು ಹೇಳಬೇಡಿ. ಗೆಳೆಯನಿಂದ ಹುಸಿ ಬೆಲೆ ಕೂಗಿಸಬೇಡಿ. ಇದಕ್ಕೆ ನಜ್‌ಶ್ ಎಂದು ಹೆಸರು, ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದ್ದಾರೆ. ಅಲ್ಲಾಹನ ಆಣೆ ಹಾಕಿ ಬೆಲೆ ಏರಿಸಬೇಡಿ. ಆಣೆಯಿಂದ ಸರಕು ಮಾರಾಟವಾದೀತು, ಬರಕತ್ ಅಳಿಸಿ ಹೋಗುತ್ತದೆ. ಒಬ್ಬನಿಗೆ ಮಾತು ಕೊಟ್ಟ ಮೇಲೆ ಇನ್ನೊಬ್ಬ 500 ಹೆಚ್ಚು ಕೊಡುವೆನೆಂದರೂ ಮಾತು ಮುರಿಯಬೇಡಿ.

ಚೌಕಾಸಿಯನ್ನೇ ಮಾಡದೆ ಕೂಡಲೇ ಒಪ್ಪುವ ಗಿರಾಕಿಯ ಬಗ್ಗೆಯೂ ಎಚ್ಚರವಿರಲಿ. ಹಣ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅವನು ವಂಚಕ. ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಅವನ ಮುಂದೆ, ಕಡಿಮೆ ಕೇಳಿ ಬೇಸರ ತರಿಸಿದವನೇ ಪ್ರಾಮಾಣಿಕ.

ಇನ್ನು ನಮ್ಮ ಆತ್ಮವನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಬರೋಣ. ಮಾರುವಾಗ ನೋಯುವ ನಾವು, ಕೊಳ್ಳುವಾಗ ಹೇಗಿದ್ದೇವೆ? ಹಾಸನ ಜಿಲ್ಲೆ ಆಲೂಗಡ್ಡೆಯ ನಾಡು. ಪಂಜಾಬಿನ ಜಲಂಧರಿನಿಂದ ಬರುವ ಬಿತ್ತನೆಗಡ್ಡೆಗೆ ರೈತ ಕೇಳಿದಷ್ಟು ಬೆಲೆ ತೆರುತ್ತಾನೆ, ಅಂಗಮಾರಿ ರೋಗದೊಡನೆ ಸೆಣಸುತ್ತಾನೆ. ಗಡ್ಡೆ ಅಗೆದ ಮೇಲೆ ಮಳೆಗಾಲದಲ್ಲಿ ಅದನ್ನು ಬಹಳ ದಿನ ಇಟ್ಟುಕೊಳ್ಳಲಾಗದು. ಸರಕಾರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಆಲೂಗಡ್ಡೆ ಇಲ್ಲ. ಇದನ್ನೆಲ್ಲ ಬಲ್ಲವನು ಪೇಟೆಯ ದರವನ್ನು ಮರೆಮಾಚಿ ಹೊಲದ ಬದುವಿನಲ್ಲೇ ಅರೆಬೆಲೆಗೆ ಕೇಳಿದರೆ ಅದು ಜಾಣತನವೇ? ಸರಕು ತರುವ ತಂಡಗಳನ್ನು ಪೇಟೆಗೆ ಬರುವ ಮುನ್ನ ದಾರಿಯಲ್ಲೇ ತಡೆದು ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದು, ದರ ತಿಳಿಯದವನಿಗೆ ಮೋಸವಾಗದಿರಲೆಂದೇ. ಸಂತೆಯಲ್ಲಿ ಸೊಪ್ಪಿನ ಅಜ್ಜಿಯೊಡನೆ ಎರಡು ರೂಪಾಯಿಗೆ ವಾದಿಸುವ ನಾವು, ದೊಡ್ಡ ಅಂಗಡಿಯಲ್ಲಿ ಅಚ್ಚಾದ ಬೆಲೆಯನ್ನು ತುಟಿಪಿಟಿಕ್ಕೆನ್ನದೆ ತೆರುತ್ತೇವೆ. ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿತ ಮಾಡುವವರಿಗೆ ಸೂರಃ ಅಲ್ ಮುತಫ್ಫಿಫೀನ್ ವಿನಾಶದ ಎಚ್ಚರಿಕೆಯೊಂದಿಗೇ ಆರಂಭವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಮಾದರಿ ಜರೀರ್ ಬಿನ್ ಅಬ್ದುಲ್ಲಾಹ್(ರ)ರದು. ಅವರ ಸೇವಕ ಅವರಿಗಾಗಿ 300 ದಿರ್ಹಮ್‌ಗೆ ಕುದುರೆಯೊಂದನ್ನು ಕುದುರಿಸಿ ತಂದ. ಜರೀರ್(ರ) ಅದರ ಮಾಲೀಕನಿಗೆ, ನಿನ್ನ ಕುದುರೆ ಇದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಹೇಳಿ, ನೂರು ನೂರಾಗಿ ಏರಿಸುತ್ತಾ ಕೊನೆಗೆ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನಿಗೂ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ತಾವು ಮಾಡಿದ್ದ ಪ್ರತಿಜ್ಞೆಯೇ ಇದಕ್ಕೆ ಕಾರಣವೆಂದರು. ನಾವೆಲ್ಲರೂ ಅಷ್ಟು ಎತ್ತರಕ್ಕೆ ಏರಲಾರೆವೇನೋ. ಆದರೆ ಶುಲ್ಕಕ್ಕಾಗಿಯೋ ಔಷಧಿಗಾಗಿಯೋ ಮಾರುತ್ತಿರುವವನ ಕಷ್ಟವನ್ನು ಲಾಭದ ಅವಕಾಶವಾಗಿ ಕಾಣದಿರುವುದು ಎಲ್ಲರಿಗೂ ಸಾಧ್ಯ. ಆ ಮಾಲೀಕ ಯಾವ ಧರ್ಮದವನಾದರೂ ಸರಿ. ಶುಐಬ್(ಅ)ರ ಎಚ್ಚರಿಕೆ ಜನರೆಲ್ಲರ ವಸ್ತುಗಳ ಬಗ್ಗೆ.

ಮುಂದೆ ಯಾರಿಗಾದರೂ ಬೆಲೆ ಕೇಳುವ ಮುನ್ನ, ಇದೇ ವಸ್ತು ನನ್ನದಾಗಿದ್ದರೆ ಈ ಬೆಲೆ ಕೇಳಿ ನನಗೇನನಿಸುತ್ತಿತ್ತು ಎಂದು ಯೋಚಿಸಿ. ಮಕ್ಕಳಿಗೂ ಇದನ್ನು ಕಲಿಸಿ.

ಮಾರುವಾಗಲೂ ಕೊಳ್ಳುವಾಗಲೂ ಸಾಲ ವಸೂಲಿ ಮಾಡುವಾಗಲೂ ಉದಾರತೆ ತೋರುವವನಿಗೆ ಕರುಣೆ ಸಿಗಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ. ಆ ಪ್ರಾರ್ಥನೆಗೆ ಅರ್ಹರಾದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ನಿಮ್ಮನ್ನೂ ಸೇರಿಸಲಿ. ಆಮೀನ್.