ನಿಮಗೂ ಎಚ್ಚರ ಆಗ್ತಿತ್ತಾ?

ರಾತ್ರಿ ಎರಡು ಗಂಟೆಗೆ ಎದ್ದು ಕೈ ಕೊಡವುತ್ತಾ ಕೂತಿದ್ದೀರಾ? ನಾನು ಆರು ತಿಂಗಳು ಕೂತಿದ್ದೆ. ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಜೋಮು. ಕಿರುಬೆರಳು ಮಾತ್ರ ಆರಾಮಾಗಿತ್ತು, ಅದರ ನರವೇ ಬೇರೆಯಂತೆ. ಕಾರ್ಪಲ್ ಟನಲ್ ಸಿಂಡ್ರೋಮ್ ಅಂದರು ಡಾಕ್ಟರು. ಮಣಿಕಟ್ಟಿನೊಳಗಿನ ಕಿರಿದಾದ ಹಾದಿಯಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಒಂದು ನರವೂ ತೂರಿ ಹೋಗಬೇಕು, ಮೆಜೆಸ್ಟಿಕ್ಕಿನ ಸಂಜೆ ಬಸ್ಸಿನ ಹಾಗೆ. ಅಡ್ಡಲಾಗಿ ಬಿಗಿದಿರುವ ಪಟ್ಟಿಯನ್ನು ಕತ್ತರಿಸಿದರೆ ನರಕ್ಕೆ ಜಾಗ. ಕೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಕಾಲು ಗಂಟೆಯ ಕೆಲಸ, ಸಂಜೆಗೆ ಮನೆ. ಇನ್ಶೂರೆನ್ಸ್ ಇತ್ತು, 2 ವಾರ ರಜೆಯೂ ಸಿಕ್ತು.

ಬ್ಯಾಂಡೇಜ್ ನೋಡಿ, ಪಾತ್ರೆ ತೊಳೆಯಲು ಬರುವ ಅಕ್ಕ ಕೇಳಿದರು: 'ರಾತ್ರಿ ಹೊತ್ತು ನಿಮಗೂ ಎಚ್ಚರ ಆಗ್ತಿತ್ತಾ ಮೇಡಂ?'

ಅವರ ಬಲಗೈ ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. 4 ವರ್ಷದಿಂದ ಬರ್ತಿದ್ದಾರೆ, ನಾನು ನೋಡಿದ್ದು ಅವತ್ತು. ನರ ಬಹುಕಾಲ ನಲುಗಿದರೆ ಹಾಗಾಗುತ್ತದೆ. ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಸರಿಹೋಗದಿರಬಹುದು. ಇದನ್ನು ನಾವು ಲ್ಯಾಪ್‌ಟಾಪಿನವರ ಕಾಯಿಲೆ ಅಂದುಕೊಂಡಿದ್ದೇವೆ. ಕೀಬೋರ್ಡಿನ ಮೇಲಿನ ಆರೋಪಕ್ಕೆ ಸಾಕ್ಷಿ ಅಷ್ಟೇನೂ ಗಟ್ಟಿಯಿಲ್ಲ. ಬಲವಾಗಿ ಹಿಡಿದು, ಹಿಂಡಿ, ಅದನ್ನೇ ಮತ್ತೆ ಮತ್ತೆ ಮಾಡುವ ಕೆಲಸಗಳ ವಿರುದ್ಧದ ಸಾಕ್ಷಿ ಅದಕ್ಕಿಂತ ಬಲವಾದದ್ದು. ಅಂದರೆ ತಳ ಹತ್ತಿದ ನನ್ನ ಕುಕ್ಕರ್ ಕೂಡ ಆ ಲೆಕ್ಕದಲ್ಲಿದೆ.

'ಆಪರೇಷನ್ ಮಾಡಿಸಿ, ದುಡ್ಡು ನಾನು ಕೊಡ್ತೀನಿ' ಅಂದೆ. ಹೇಳುವಾಗ ಒಂಥರಾ ಹೆಮ್ಮೆಯೂ ಆಯ್ತು, ಸುಳ್ಳೇಕೆ.

'ಆಮೇಲೆ ಎಷ್ಟು ದಿನ ಕೈ ನೆನೆಸಂಗಿಲ್ಲ?'

ಹೊಲಿಗೆ ಬಿಚ್ಚೋಕೆ ಸುಮಾರು 2 ವಾರ. ಬಟ್ಟೆ ಹಿಂಡುವಷ್ಟು ಹಿಡಿತ ಬರೋಕೆ ಒಂದೆರಡು ತಿಂಗಳೇ ಬೇಕಾಗಬಹುದು.

'ಐದು ಮನೆ ಮೇಡಂ. ನೀವು ಕಾಯ್ತೀರ. ಮಿಕ್ಕ ನಾಲ್ಕು?'

ಡಿಶ್‌ವಾಷರ್ ತರೋಣ ಅಂದರು ನನ್ನ ಗಂಡ. ಅಕ್ಕನ ಕೈ ಉಳಿಯುತ್ತೆ, ಕೆಲಸ ಹೋಗುತ್ತೆ. ನನ್ನ ಹೊಣೆ ಐದರಲ್ಲಿ ಒಂದು ಪಾಲು ಅಂತ ಲೆಕ್ಕ ಹಾಕಿಯೂ ನೋಡಿದೆ. ಆದರೆ ಐದೂ ಮನೆಯವರು ಅದೇ ಲೆಕ್ಕ ಹಾಕ್ತಾರಲ್ಲ? ನನಗೆ ರಜೆ ಸಿಕ್ಕಿದ್ದು ನಿಯಮದಿಂದ. ನನ್ನ ಮ್ಯಾನೇಜರ್ ಒಳ್ಳೆಯವರೋ ಕೆಟ್ಟವರೋ, ಅದು ಅಲ್ಲಿ ಬರಲೇ ಇಲ್ಲ. ಅಕ್ಕನಿಗಾದರೆ ಐದು ಮನೆಯವರ ಒಳ್ಳೇತನ ಒಂದೇ ತಿಂಗಳಲ್ಲಿ ಕೂಡಿಬರಬೇಕು.

ಮಿಕ್ಕ ನಾಲ್ಕೂ ಮನೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇವೆ. ಸಂಬಳದ ಜೊತೆ 2 ತಿಂಗಳು ರಜೆ ಕೊಡೋಣ ಅಂತ ಕೇಳಿಕೊಂಡು ಹೊರಟೆ. ಇಬ್ಬರು ಒಪ್ಪಿದರು, ಒಬ್ಬರು ಯೋಚಿಸಿ ಹೇಳ್ತೀನಿ ಅಂದರು. ನಾಲ್ಕನೆಯವರು ಅಸೋಸಿಯೇಷನ್ ಸೆಕ್ರೆಟರಿ. ಪಾರ್ಕಿಂಗ್ ಜಾಗದ ವಿಷಯವಾಗಿ ಅವರ ಹತ್ತಿರ ನನ್ನದೇ ಒಂದು ಕೆಲಸ ಬಾಕಿಯಿದೆ. ಆ ಬಾಗಿಲನ್ನು ನಾನಿನ್ನೂ ತಟ್ಟಿಲ್ಲ. ಅಕ್ಕ ಈಗ ಎಡಗೈಯಲ್ಲಿ ಉಜ್ಜುತ್ತಿದ್ದಾರೆ.